ಲಂಟಾನಕ್ಕೆ ಜೆಸಿಬಿ ಮದ್ದಲ್ಲ

ಗುಂಡ್ಲುಪೇಟೆಯ ಓದುಗರೊಬ್ಬರ ಪತ್ರ: “ಬಂಡೀಪುರ, ಬಿಳಿಗಿರಿರಂಗನ ಬೆಟ್ಟದಲ್ಲೆಲ್ಲ ಲಂಟಾನ ಹಬ್ಬಿ ಜಿಂಕೆಗೆ ಹುಲ್ಲಿಲ್ಲ. ಇಲಾಖೆಯವರು ಜೆಸಿಬಿ ತಂದು ಒಂದೇ ಸಲಕ್ಕೆ ಕಿತ್ತು ಸಸಿ ನೆಡಬಾರದೇಕೆ? ಬೆಂಕಿ ಹಾಕಿದ್ದರೆ ಕಾಡು ಚೆನ್ನಾಗಿರುತ್ತಿತ್ತು ಎಂದು ಕಾಡಿನ ಬುಡಕಟ್ಟಿನವರಾದ ಸೋಲಿಗರು ಹೇಳುವುದು ಮೌಢ್ಯವಲ್ಲವೇ?”

ನಿಮ್ಮ ಕಾಳಜಿ ದೊಡ್ಡದು ಸ್ವಾಮಿ, ‘ಮೌಢ್ಯ’ವನ್ನು ಮಾತ್ರ ವಾಪಸ್ ತೆಗೆದುಕೊಳ್ಳಿ. ಬೆಂಕಿಯ ಭಯ ಸುಳ್ಳಲ್ಲ. 2019ರ ಫೆಬ್ರುವರಿಯಲ್ಲಿ ಬಂಡೀಪುರ ಹೇಗೆ ಉರಿಯಿತೆಂದು ನಿಮ್ಮ ತಾಲ್ಲೂಕಿನವರಿಗೆ ಯಾರೂ ಹೇಳಬೇಕಾಗಿಲ್ಲ. ಆದರೆ ಸೋಲಿಗರ ತರಗು ಬೆಂಕಿಯೇ ಬೇರೆ. ಬೇಸಿಗೆ ಬಲಿಯುವ ಮೊದಲೇ, ನೆಲದಲ್ಲಿ ಪಸೆಯಿದ್ದು ತರಗು ತೆಳ್ಳಗಿರುವಾಗ ಹಚ್ಚುತ್ತಿದ್ದರು. ಅದು ನೆಲದ ಮೇಲೆಯೇ ಓಡಿ ಆರುತ್ತಿತ್ತು. ಹೊಸ ಹುಲ್ಲು ಚಿಗುರುತ್ತಿತ್ತು, ಲಂಟಾನದ ಎಳೆ ಸಸಿ ಸಾಯುತ್ತಿತ್ತು, ನೆಲ್ಲಿಮರಕ್ಕೆ ಹತ್ತುವ ಉಪ್ಪಿಲು ಎಂಬ ಬದನಿಕೆಯೂ ಹತೋಟಿಯಲ್ಲಿರುತ್ತಿತ್ತು ಎನ್ನುತ್ತಾರೆ ಅವರು. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ಅಭಯಾರಣ್ಯವಾಯಿತು, ಬೆಂಕಿ ಅಪರಾಧವಾಯಿತು. ಅಲ್ಲಿ ಸಂಶೋಧಕರು ಗುರುತು ಹಾಕಿದ್ದ ತಾಕುಗಳಲ್ಲಿ 1997ರಲ್ಲಿ ನೂರಕ್ಕೆ 41ರಲ್ಲಿ ಲಂಟಾನವಿತ್ತು, 2008ಕ್ಕೆ 81ರಲ್ಲಿ. ಬೆಂಕಿ ನಿಂತದ್ದೊಂದೇ ಕಾರಣ ಎನ್ನಲಾಗದು, ಆದರೂ ಸೋಲಿಗರನ್ನು ಮೊದಲೇ ಕೇಳಬಹುದಿತ್ತು.

ಈಗ ಕಡ್ಡಿ ಗೀರಿದರೆ ಸಾಲದು, ಅನಾಹುತವೇ ಆದೀತು. ಆಳೆತ್ತರದ ಪೊದೆ ಹಿಡಿದು ಜ್ವಾಲೆ ಮರದ ತುದಿಗೇರುತ್ತದೆ, ಸುಟ್ಟ ಬುಡದಿಂದ ಲಂಟಾನ ಮತ್ತೆ ಚಿಗುರುತ್ತದೆ. ಮಚ್ಚಿನಲ್ಲಿ ಸವರಿದರೂ ಅಷ್ಟೇ, ಒಂದು ಕಾಂಡವಿದ್ದಲ್ಲಿ ಹತ್ತು ಏಳುತ್ತವೆ. ಇನ್ನು ನಿಮ್ಮ ಜೆಸಿಬಿ ಮೇಲ್ಮಣ್ಣು ತಿರುವಿ ಹುದುಗಿದ್ದ ಬೀಜಕ್ಕೆ ಬೆಳಕು ಕೊಡುತ್ತದೆ, ಪೊದೆಯಡಿ ಹೇಗೋ ಬದುಕಿದ್ದ ಮತ್ತಿ, ಹೊನ್ನೆ ಸಸಿಗಳನ್ನೂ ಅರೆದುಹಾಕುತ್ತದೆ.

ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ.ಆರ್. ಬಾಬು ಅವರ ತಂಡ ರೂಪಿಸಿದ ವಿಧಾನಕ್ಕೆ ಗುದ್ದಲಿಯೇ ಸಾಕು. ಕಾಯಿ ಹಣ್ಣಾಗುವ ಮೊದಲು ಬುಡದ ಮಣ್ಣು ಸರಿಸಿ, ನೆಲಮಟ್ಟಕ್ಕಿಂತ 3–5 ಸೆಂ.ಮೀ. ಕೆಳಗೆ ತಾಯಿಬೇರನ್ನು ಕಡಿಯಬೇಕು. ಚಿಗುರುವ ಕಣ್ಣುಗಳಿರುವುದು ಅದರ ಮೇಲಿನ ಭಾಗದಲ್ಲಿ. ಕಡಿದ ಪೊದೆಯನ್ನು ಎತ್ತಿ ತಲೆಕೆಳಗಾಗಿ ನಿಲ್ಲಿಸಬೇಕು; ಬುಡಕ್ಕೆ ಮಣ್ಣು ತಾಗಿದರೆ ಮತ್ತೆ ಬೇರು ಬಿಡುತ್ತದೆ. ಮಳೆ ಬಿದ್ದ ಮೇಲೆ ಪಿಕಳಾರ ಕೂರುವ ಮರಗಳ ಅಡಿಯಲ್ಲಿ, ಹಳ್ಳದ ಅಂಚಿನಲ್ಲಿ ಹುಡುಕಿ ಸಸಿ ಕೀಳಬೇಕು. ಹಕ್ಕಿ ಹಿಕ್ಕೆಯ ಬೀಜ ಅಲ್ಲೇ ಮೊಳೆಯುವುದು. ಇದನ್ನು ಎರಡು ಮೂರು ಮಳೆಗಾಲ ಬಿಡದೆ ಮಾಡಬೇಕು. ಬಯಲಾದ ಜಾಗಕ್ಕೆ ಅಕ್ಕಪಕ್ಕದ ಕಾಡಿನದೇ ಹುಲ್ಲಿನ ಬೀಜ ಎರಚಬೇಕು. ನರ್ಸರಿ ಸಸಿ ನೆಡಲು ಅಷ್ಟು ಅವಸರವೇನು? ನಿಮ್ಮ ಜಿಂಕೆ ಕೇಳಿದ್ದು ಹುಲ್ಲನ್ನಲ್ಲವೇ?

ಆದರೆ ನಮ್ಮಲ್ಲಿ ಗುಂಡಿ ತೋಡಿ ಸಸಿ ನೆಟ್ಟು ಫೋಟೊ ತೆಗೆಸಿಕೊಳ್ಳುವುದಕ್ಕೆ ಹಣವಿದೆ. ಕಳೆ ಕೀಳುವವರ ಫೋಟೊ ಯಾವ ಪತ್ರಿಕೆಯೂ ಹಾಕುವುದಿಲ್ಲ, ನಮ್ಮದೂ ಸೇರಿ. ಲಂಟಾನ ತೆಗೆಯುವ ಟೆಂಡರ್ ನಿಮ್ಮ ಕಡೆ ಕರೆದರೆ ಎರಡನೇ, ಮೂರನೇ ವರ್ಷದ ಕೂಲಿ ಅದರಲ್ಲಿದೆಯೇ, ಆ ಕೂಲಿ ಪಕ್ಕದ ಪೋಡಿನ (ಸೋಲಿಗರ ಹಾಡಿಯ) ಜನರಿಗೆ ಸಿಗುತ್ತದೆಯೇ ಎಂದು ವಿಚಾರಿಸಿ ಬರೆಯಿರಿ. ಅಚ್ಚು ಹಾಕುತ್ತೇವೆ.

– ಸಂ.