ಎಂಡೋಥೀಲಿಯಂ ಲೇಖನ: ಈ ರೂಪದಲ್ಲಿ ಬೇಡ, ತಿದ್ದಿ ಕಳಿಸಿ

ನಮಸ್ಕಾರ.

ಎಂಡೋಥೀಲಿಯಂ, ಅಂದರೆ ರಕ್ತನಾಳದ ಒಳಪದರದ ಬಗ್ಗೆ ಬದಿಯಡ್ಕದಿಂದ ನೀವು ಕಳಿಸಿದ ‘ರಕ್ತನಾಳದ ಒಳಪದರ: ಆರೋಗ್ಯದ ಕೀಲಿಕೈ’ ಲೇಖನ ಈಗಿರುವಂತೆ ಪ್ರಕಟಣೆಗೆ ಆಗದು. ಆದರೆ ವಿಷಯ ನಮಗೆ ಬೇಕೇ ಬೇಕು. ಕಾಸರಗೋಡಿನ ಕನ್ನಡ ಓದುಗರಿಗೆ ಇಂಥದ್ದು ತಮ್ಮ ಭಾಷೆಯಲ್ಲಿ ಸಿಗುವುದೇ ಅಪರೂಪ. ಹಾಗಾಗಿ ತೊಡಕುಗಳನ್ನು ಬಿಡಿಸಿ ಹೇಳುತ್ತೇವೆ.

ತೋಟದ ಸ್ಪ್ರಿಂಕ್ಲರ್ ಪೈಪಿನೊಳಗೆ ಪಾಚಿ ಕಟ್ಟಿದ ಹಾಗೆ ರಕ್ತನಾಳದಲ್ಲಿ ಕೊಬ್ಬು ಕಟ್ಟುತ್ತದೆ ಎಂದಿದ್ದೀರಿ. ಅಡಿಕೆ ಬೆಳೆಗಾರರಿಗೆ ತಟ್ಟನೆ ಹಿಡಿಸುವ ಮಾತು, ಆದರೆ ತಪ್ಪು. ಕೊಬ್ಬು ಕೂರುವುದು ಒಳಮೈ ಮೇಲಲ್ಲ. ಒಂದೇ ಜೀವಕೋಶದಷ್ಟು ದಪ್ಪದ ಆ ಪದರದ ಅಡಿಯಲ್ಲಿ, ಗೋಡೆಯೊಳಗೆ. ಎಲ್‌ಡಿಎಲ್ ಎಂಬ ಕೊಲೆಸ್ಟರಾಲ್ ಹೊರುವ ಕಣ ಪದರ ದಾಟಿ ಒಳಸೇರಿ ಅಲ್ಲಿ ಆಕ್ಸಿಡೀಕರಣಗೊಳ್ಳುತ್ತದೆ. ಕೆರಳಿದ ಎಂಡೋಥೀಲಿಯಂ ತನ್ನ ಮೈಮೇಲೆ ವಿಕ್ಯಾಮ್-1 ಎಂಬ ಅಂಟು ಪ್ರೋಟೀನನ್ನು ಮೂಡಿಸುತ್ತದೆ. ರಕ್ತದಲ್ಲಿ ಹರಿದುಹೋಗುತ್ತಿದ್ದ ಬಿಳಿ ರಕ್ತಕಣಗಳಾದ ಮಾನೊಸೈಟ್‌ಗಳು ಅದಕ್ಕೆ ಅಂಟಿಕೊಂಡು, ಒಳಗೆ ನುಸುಳಿ, ಕೊಬ್ಬು ತಿಂದು ನೊರೆಕೋಶಗಳಾಗುತ್ತವೆ. ಎಲ್ಲ ಕಡೆ ಹೀಗಾಗುವುದಿಲ್ಲ. ಕುತ್ತಿಗೆಯ ಕೆರೋಟಿಡ್ ಅಪಧಮನಿ ಕವಲೊಡೆಯುವಂಥ, ಹರಿವು ಸುಳಿ ತಿರುಗುವ ಜಾಗಗಳಲ್ಲೇ ಹೆಚ್ಚು. ಏಕೆಂದರೆ ರಕ್ತ ಹೇಗೆ ಉಜ್ಜಿಕೊಂಡು ಹೋಗುತ್ತಿದೆ ಎಂಬುದನ್ನು ಈ ಕೋಶಗಳು ಗ್ರಹಿಸುತ್ತವೆ. ಇನ್ನೊಂದು ಮಾತು: ಎಷ್ಟೋ ಹೃದಯಾಘಾತಗಳಿಗೆ ಕಾರಣ ನಾಳ ಮೆಲ್ಲಗೆ ಮುಚ್ಚಿಹೋಗುವುದಲ್ಲ, ಕೊಬ್ಬಿನ ಗಂಟಿನ ತೆಳು ಹೊದಿಕೆ ಹರಿದು ಅಲ್ಲೇ ರಕ್ತ ಹೆಪ್ಪುಗಟ್ಟುವುದು. ನಿಮ್ಮ ಪೈಪನ್ನು ನಂಬಿದ ಓದುಗರು ‘ಬ್ಲಾಕ್ ಶೇ. 40 ಅಷ್ಟೇ, ಮಾತ್ರೆ ಯಾಕೆ?’ ಎಂದುಕೊಂಡಾರು. ಆ ಹೋಲಿಕೆಯನ್ನು ಪೂರ್ತಿ ತೆಗೆಯಿರಿ.

ಎಂಡೋಥೀಲಿಯಂ ಹೊರಬಿಡುವ, ರಕ್ತನಾಳವನ್ನು ಸಡಿಲಿಸುವ ನೈಟ್ರಿಕ್ ಆಕ್ಸೈಡಿನ ಕೆಲಸ ಪತ್ತೆಯಾದದ್ದು 1998ರಲ್ಲಿ ಎಂದಿದೆ. ಅದು ಫರ್ಚ್‌ಗಾಟ್, ಇಗ್ನಾರೊ, ಮುರಾಡ್ ಅವರಿಗೆ ನೊಬೆಲ್ ಬಂದ ವರ್ಷ. ಹೇಳಬೇಕಾದ ಪ್ರಯೋಗ ಫರ್ಚ್‌ಗಾಟ್ 1980ರಲ್ಲಿ ಪ್ರಕಟಿಸಿದ್ದು. ಮೊಲದ ಮಹಾಪಧಮನಿಯ ತುಂಡಿಗೆ ನರಗಳ ಸಂದೇಶ ಸಾಗಿಸುವ ರಾಸಾಯನಿಕವಾದ ಅಸಿಟೈಲ್‌ಕೋಲಿನ್ ಹಾಕಿದರೆ ಅದು ಸಡಿಲಗೊಳ್ಳುತ್ತಿತ್ತು. ಒಳಮೈಯನ್ನು ಉಜ್ಜಿ ಪದರ ಕಿತ್ತರೆ ಸಡಿಲಗೊಳ್ಳುತ್ತಿರಲಿಲ್ಲ. ಲೇಖನ ಇಲ್ಲಿಂದಲೇ ಶುರುವಾಗಲಿ. ಅಮೈನೊ ಆಮ್ಲವಾದ ಎಲ್-ಆರ್ಜಿನೀನ್‌ನಿಂದ ಹುಟ್ಟಿ, ಕೆಲವೇ ಸೆಕೆಂಡು ಬಾಳಿ, ಪಕ್ಕದ ಸ್ನಾಯುವನ್ನು ಸಡಿಲಿಸುವ ಅನಿಲ ಅದು ಎಂಬುದು ಆಮೇಲೆ ತಾನಾಗಿ ಬರುತ್ತದೆ. ಬೀಡಿಯ ಹೊಗೆ ಅದನ್ನು ಕೆಲಸಕ್ಕೆ ಮುಂಚೆಯೇ ಕೆಡಿಸುತ್ತದೆ ಎಂಬುದೂ ಅಲ್ಲೇ ಸೇರಲಿ.

ಬೀಟ್‌ರೂಟ್, ಹರಿವೆ ಸೊಪ್ಪು ತಿಂದರೆ ಎಂಡೋಥೀಲಿಯಂ ಹೆಚ್ಚು ನೈಟ್ರಿಕ್ ಆಕ್ಸೈಡ್ ಮಾಡುತ್ತದೆ ಎಂಬ ಸಾಲು ಅರ್ಧ ಸರಿ. ಸೊಪ್ಪಿನ ನೈಟ್ರೇಟನ್ನು ನೈಟ್ರೈಟ್ ಮಾಡುವುದು ನಾಲಗೆ ಮೇಲಿನ ಬ್ಯಾಕ್ಟೀರಿಯಾ; ಎಂಡೋಥೀಲಿಯಂ ಅದರಲ್ಲಿ ಸೇರಿಲ್ಲ, ನೈಟ್ರೈಟ್ ಮುಂದೆ ನೈಟ್ರಿಕ್ ಆಕ್ಸೈಡ್ ಆಗುವ ಅದು ಬೇರೆಯೇ ದಾರಿ.

ಡೆಂಗಿಗೆ ಎರಡೇ ಸಾಲು, ಅದರಲ್ಲೂ ಒಂದು ಪಪ್ಪಾಯಿ ಎಲೆಯ ರಸಕ್ಕೆ! ಇದೇ ನಿಮ್ಮ ಲೇಖನದ ಅತಿ ಉದ್ದದ ಭಾಗವಾಗಬೇಕು. ಡೆಂಗಿಯಲ್ಲಿ ಜೀವಕ್ಕೆ ಕುತ್ತು ತರುವುದು ಹೆಚ್ಚಾಗಿ ಪ್ಲೇಟ್‌ಲೆಟ್ ಇಳಿಕೆಯಲ್ಲ, ಸೋರಿಕೆ. ವೈರಸ್ಸಿನ ಎನ್‌ಎಸ್-1 ಪ್ರೋಟೀನು ಎಂಡೋಥೀಲಿಯಂ ಮೇಲಿನ ಸಕ್ಕರೆಯ ಲೇಪವನ್ನು ಹಾಳುಮಾಡುತ್ತದೆ, ಪ್ಲಾಸ್ಮಾ ಹೊರಗೆ ಸೋರುತ್ತದೆ. ಸಾಮಾನ್ಯವಾಗಿ ಜ್ವರದ 3ರಿಂದ 7ನೇ ದಿನದೊಳಗೆ, ಜ್ವರ ಇಳಿಯುವ ಹೊತ್ತಿಗೇ ಇದು ಶುರುವಾಗಿ 24ರಿಂದ 48 ಗಂಟೆ ಇರುತ್ತದೆ. ಮನೆಯವರು ‘ಜ್ವರ ಬಿಟ್ಟಿತು’ ಎಂದು ನಿರಾಳವಾಗುವುದು ಅದೇ ಹೊತ್ತಿಗೆ. ಹೊಟ್ಟೆನೋವು, ನಿಲ್ಲದ ವಾಂತಿ, ತಣ್ಣಗಾದ ಕೈಕಾಲು, ಮಂಕು, ವಸಡಿನ ರಕ್ತ: ಈ ಅಪಾಯದ ಲಕ್ಷಣಗಳನ್ನು ಒಂದೊಂದಾಗಿ ಬರೆಯಿರಿ. ಹಿಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲು) 36 ಇದ್ದದ್ದು 44ಕ್ಕೆ ಏರಿದರೆ ಶೇ. 20ಕ್ಕೂ ಹೆಚ್ಚಿನ ಏರಿಕೆ, ಅಂದರೆ ರಕ್ತ ಗಟ್ಟಿಯಾಗುತ್ತಿದೆ ಎಂದರ್ಥ. ಜ್ವರಕ್ಕೆ ಪ್ಯಾರಸಿಟಮಾಲ್ ಮಾತ್ರ. ಐಬುಪ್ರೊಫೆನ್, ಆಸ್ಪಿರಿನ್ ಬೇಡ ಎಂಬುದನ್ನೂ ಸೇರಿಸಿ.

ಕೊನೆಯದು ಎಂಡೋಸಲ್ಫಾನ್ ಎಂಬ ಕೀಟನಾಶಕ. ಎಣ್ಮಕಜೆಯ ಸುತ್ತಮುತ್ತ ಗೇರು ತೋಟಗಳ ಮೇಲೆ ಅದನ್ನು ಹೆಲಿಕಾಪ್ಟರಿನಿಂದ ಸಿಂಪಡಿಸಿದ್ದು, 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲಿ ಅದರ ಬಳಕೆಯನ್ನೇ ತಡೆದದ್ದು ಎಲ್ಲರಿಗೂ ಗೊತ್ತು. ಅದು ನರಮಂಡಲಕ್ಕೆ ವಿಷ ಎಂಬುದಕ್ಕೆ ಆಧಾರ ಗಟ್ಟಿ. ನೀವು ಮಾತ್ರ ನಮ್ಮೂರ ಹೃದ್ರೋಗಗಳನ್ನೆಲ್ಲ ಅದಕ್ಕೆ ಕಟ್ಟಿದ್ದೀರಿ, ಆಧಾರ ಕೊಟ್ಟಿಲ್ಲ. ಸಂತ್ರಸ್ತರು ಇಂದಿಗೂ ತಮ್ಮ ನೋವನ್ನು ದಾಖಲೆ ಹಿಡಿದು ಸಾಬೀತು ಮಾಡಬೇಕಾಗಿದೆ. ಬುಡವಿಲ್ಲದ ಒಂದು ಸಾಲು ಅವರ ವಾದವನ್ನೇ ದುರ್ಬಲ ಮಾಡುತ್ತದೆ. ಆ ಪ್ಯಾರಾ ಬೇಡ.

ಡೆಂಗಿ ಭಾಗವನ್ನು ಮೊದಲು ಬರೆದು ಕಳಿಸಿ. ಮಳೆ ಹಿಡಿಯುವ ಮೊದಲಿನ ಸಂಚಿಕೆಯಲ್ಲಿ ಅದನ್ನು ಬೇರೆಯಾಗಿಯೇ ಹಾಕುತ್ತೇವೆ, ಉಳಿದದ್ದು ನಿಧಾನವಾಗಿ ಬರಲಿ.