ಇಂಗ್ಲಿಷ್ ಪ್ರಶ್ನೋತ್ತರ: ಎಲ್ಲಿಗೆ ಬರೆಯುತ್ತೀರೋ ಅಲ್ಲಿಯ ಸ್ಪೆಲಿಂಗ್

ಪ್ರಶ್ನೆ: ಅಮೆರಿಕದ ಸ್ಪೆಲಿಂಗಿನಲ್ಲಿ ಬರೆದ ಸಂಶೋಧನಾ ಲೇಖನವನ್ನು ಬ್ರಿಟನ್ನಿನ ಪತ್ರಿಕೆಗೆ ಕಳಿಸಬೇಕಾಗಿದೆ. ಕಂಪ್ಯೂಟರಿನಲ್ಲಿ ಹುಡುಕಿ ಒಟ್ಟಿಗೆ ಬದಲಿಸಿದರೆ ಸಾಕೆ?
– ಓದುಗರು, ದಾವಣಗೆರೆ

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ, ಇಲ್ಲದ ತಪ್ಪುಗಳು ಸೇರಿಕೊಳ್ಳುತ್ತವೆ. ಕಲರ್, ಲೇಬರ್, ಹ್ಯೂಮರ್ ಪದಗಳ ಕೊನೆಯಲ್ಲಿ ಬ್ರಿಟನ್ನಿನವರು ‘ಆರ್’ಗೆ ಮುಂಚೆ ‘ಯು’ ಬರೆಯುತ್ತಾರೆ, ಅಮೆರಿಕದವರು ಬಿಡುತ್ತಾರೆ. ಆದರೆ ಡಾಕ್ಟರ್, ಮಿರರ್, ಎರರ್‌ಗಳಿಗೆ ಎಲ್ಲಿಯೂ ಆ ‘ಯು’ ಇಲ್ಲ. ಹ್ಯೂಮರ್‌ಗೆ ಇದ್ದರೂ ಹ್ಯೂಮರಸ್ ಆದಾಗ ಬ್ರಿಟನ್ನಿನಲ್ಲೂ ಬಿದ್ದುಹೋಗುತ್ತದೆ. ಲೇಬರ್‌ನಿಂದ ಬಂದ ಲೆಬೋರಿಯಸ್ ಕೂಡ ಹಾಗೆಯೇ.

ಹೆಚ್ಚು ಜನ ಎಡವುವುದು ‘ಝಡ್’ ವಿಷಯದಲ್ಲಿ. ಆರ್ಗನೈಸ್‌ಗೆ ‘ಝಡ್’ ಹಾಕಿದರೆ ಅದು ಅಮೆರಿಕದ್ದೇ ಎಂದುಕೊಳ್ಳಬೇಡಿ. ಬ್ರಿಟನ್ನಿನ ಸುದ್ದಿಪತ್ರಿಕೆಗಳು ‘ಎಸ್’ ಬಳಸಿದರೂ ಆಕ್ಸ್‌ಫರ್ಡ್ ನಿಘಂಟು ‘ಝಡ್’ಗೇ ಮೊದಲ ಸ್ಥಾನ ಕೊಡುತ್ತದೆ. ಅದೇ ನಿಘಂಟು ಅನಲೈಸ್‌ಗೆ ‘ಎಸ್’ ಹಾಕುತ್ತದೆ. ಅಡ್ವರ್ಟೈಸ್, ಸರ್‌ಪ್ರೈಸ್‌ಗಳಿಗೆ ಎರಡೂ ದೇಶಗಳಲ್ಲಿ ‘ಎಸ್’. ಹಾಗಾಗಿ ಪತ್ರಿಕೆಯ ಲೇಖಕರ ಸೂಚನೆಗಳನ್ನು ಮೊದಲು ಓದಿ.

ಟ್ರಾವೆಲ್ಡ್‌ಗೆ ಬ್ರಿಟನ್ನಿನಲ್ಲಿ ಎರಡು ‘ಎಲ್’, ಅಮೆರಿಕದಲ್ಲಿ ಒಂದು. ಫುಲ್‌ಫಿಲ್, ಎನ್ರೋಲ್ ಪದಗಳ ಕೊನೆಯಲ್ಲಿ ಇದು ತಿರುಗುಮುರುಗು. ಲೈಸೆನ್ಸ್ ನಾಮಪದವಾದರೆ ಬ್ರಿಟನ್ನಿನಲ್ಲಿ ಕೊನೆಗೆ ‘ಸಿ–ಇ’, ಕ್ರಿಯಾಪದವಾದರೆ ‘ಎಸ್–ಇ’. ಅಮೆರಿಕದಲ್ಲಿ ಎರಡಕ್ಕೂ ‘ಎಸ್–ಇ’.

ವರ್ಡ್‌ನಲ್ಲಿ ಕಂಟ್ರೋಲ್–ಎ ಒತ್ತಿ, ರಿವ್ಯೂ, ಲ್ಯಾಂಗ್ವೇಜ್, ಸೆಟ್ ಪ್ರೂಫಿಂಗ್ ಲ್ಯಾಂಗ್ವೇಜ್‌ಗೆ ಹೋಗಿ ಬ್ರಿಟನ್ನಿನ ಇಂಗ್ಲಿಷ್ ಆರಿಸಿ. ಅಲ್ಲೇ ಕೆಳಗೆ, ಸ್ಪೆಲಿಂಗ್ ಪರೀಕ್ಷಿಸಬೇಡ ಎನ್ನುವ ಚೌಕದಲ್ಲಿ ಗುರುತಿದ್ದರೆ ತೆಗೆಯಿರಿ. ಅದಿದ್ದರೆ ಕೆಂಪು ಗೆರೆ ಒಂದೂ ಮೂಡುವುದಿಲ್ಲ. ಅಡಿಟಿಪ್ಪಣಿಗಳು ಈ ಆಯ್ಕೆಯೊಳಗೆ ಬರುವುದಿಲ್ಲ. ಒಂದು ಅಡಿಟಿಪ್ಪಣಿಯೊಳಗೆ ಕ್ಲಿಕ್ ಮಾಡಿ ಇಷ್ಟನ್ನೂ ಇನ್ನೊಮ್ಮೆ ಮಾಡಬೇಕು. ಆಮೇಲೆ ಕೆಂಪು ಗೆರೆ ಬಿದ್ದ ಪದಗಳನ್ನು ಒಂದೊಂದಾಗಿ ನೋಡಿ ತಿದ್ದಿ. ಅಂಕಿತನಾಮಗಳನ್ನೂ ಉಲ್ಲೇಖಿಸಿದ ಶೀರ್ಷಿಕೆಗಳನ್ನೂ ಮುಟ್ಟಬಾರದು. ಪರ್ಲ್ ಹಾರ್ಬರ್‌ಗೆ ‘ಯು’ ಸೇರಿಸುವಂತಿಲ್ಲ. ಆಸ್ಟ್ರೇಲಿಯದವರು ಲೇಬರ್ ಪದವನ್ನು ‘ಯು’ ಹಾಕಿಯೇ ಬರೆದರೂ ಅಲ್ಲಿನ ಲೇಬರ್ ಪಕ್ಷದ ಹೆಸರಿನಲ್ಲಿ ಅದಿಲ್ಲ.

ಪ್ರಶ್ನೆ: ಅಮೆರಿಕದವರ ಈ ಸ್ಪೆಲಿಂಗ್ ಶುರುಮಾಡಿದ್ದು ಯಾರು?
– ಓದುಗರು, ಶಿರಸಿ

ಉತ್ತರ: ಒಬ್ಬರೇ ಶುರುಮಾಡಿದ್ದಲ್ಲ; ‘ಯು’ ಇಲ್ಲದ ರೂಪಗಳು ಇಂಗ್ಲೆಂಡಿನಲ್ಲೂ ಹಿಂದಿನಿಂದ ಇದ್ದವು. ಅವನ್ನು ನೆಲೆಗೊಳಿಸಿದವರು ನೋವಾ ವೆಬ್‌ಸ್ಟರ್, 1806 ಮತ್ತು 1828ರ ನಿಘಂಟುಗಳ ಮೂಲಕ. ನಾಲಿಗೆಗೆ ‘ಟಿ–ಯು–ಎನ್–ಜಿ’ ಎಂದು ಬರೆಯಬೇಕೆಂದರು. ಅದನ್ನು ಜನ ಒಪ್ಪಲಿಲ್ಲ.

ಪ್ರಶ್ನೆ: ಅಮೆರಿಕದಲ್ಲಿರುವ ಮಗಳು ಕಾರ್ನ್‌ಫ್ಲೋರ್ ತಂದೇ ಗೋಬಿ ಮಂಚೂರಿ ಮಾಡಿದಳು. ಗರಿಗರಿಯಾಗಲಿಲ್ಲ, ಯಾಕೆ?
– ಓದುಗರು, ಹಾಸನ

ಉತ್ತರ: ನಮ್ಮಲ್ಲೂ ಬ್ರಿಟನ್ನಿನಲ್ಲೂ ಕಾರ್ನ್‌ಫ್ಲೋರ್ ಎಂದರೆ ಮೆಕ್ಕೆಜೋಳದ ಬಿಳಿ ಪಿಷ್ಟ. ಅಮೆರಿಕದಲ್ಲಿ ಆ ಹೆಸರಿನಲ್ಲಿ ಸಿಗುವುದು ನುಣ್ಣಗೆ ಬೀಸಿದ ಮೆಕ್ಕೆಜೋಳದ ಹಿಟ್ಟು. ಪೊಟ್ಟಣದ ಮೇಲೆ ಕಾರ್ನ್‌ಸ್ಟಾರ್ಚ್ ಎಂದಿರುವುದನ್ನೇ ತರಲಿ. ಕೊತ್ತಂಬರಿ ಸೊಪ್ಪು ಅಲ್ಲಿ ಸಿಲಾಂಟ್ರೋ, ಕೊರಿಯಾಂಡರ್ ಎಂದರೆ ಬೀಜ ಮಾತ್ರ. ಬದನೆ ಎಗ್‌ಪ್ಲಾಂಟ್, ದಪ್ಪ ಮೆಣಸಿನಕಾಯಿ ಬೆಲ್ ಪೆಪರ್. ಆಸ್ಟ್ರೇಲಿಯದ ಪಾಕವಿಧಾನ ನೋಡಿ ಅಡುಗೆ ಮಾಡುವುದಾದರೆ ಅಳತೆಯನ್ನೂ ಗಮನಿಸಲಿ: ಅಲ್ಲಿನ ಟೇಬಲ್ ಚಮಚ 20 ಮಿಲಿಲೀಟರ್, ಅಮೆರಿಕದ್ದು ಸುಮಾರು 15.