ಸ್ಟ್ರೊಮ್ಯಾಟೊಲೈಟ್ ಅಂದ್ರೆ ಬರೀ ಕಲ್ಲಾ? ಹಳೇ ಕಾಲದ ಸಮುದ್ರದಲ್ಲಿ ಅದರ ಕೆಲಸ ಏನಿತ್ತು?

ಕಲ್ಲೇ, ಆದ್ರೆ ಜೀವಿಗಳು ಕಟ್ಟಿದ ಕಲ್ಲು. ಮುಖ್ಯವಾಗಿ ಸಯನೋಬ್ಯಾಕ್ಟೀರಿಯಾಗಳು (ಬಿಸಿಲಿನ ಬೆಳಕಲ್ಲಿ ಆಹಾರ ಮಾಡ್ಕೊಂಡು ಆಕ್ಸಿಜನ್ ಬಿಡೋ ಸೂಕ್ಷ್ಮ ಜೀವಿಗಳು) ಆಳವಿಲ್ಲದ ನೀರಲ್ಲಿ ಲೋಳೆ ಚಾಪೆ ಥರ ಹರಡ್ಕೊಂಡು, ಮೇಲೆ ಬಿದ್ದ ಮರಳು ಕೆಸರನ್ನ ಹಿಡ್ಕೊಂಡು, ಬೆಳಕಿಗೋಸ್ಕರ ಮತ್ತೆ ಅದರ ಮೇಲಕ್ಕೆ ಬೆಳೀತಾ ಹೋಗ್ತವೆ, ಸುಣ್ಣ ಸೇರಿ ಒಂದೊಂದೇ ಪದರ ಗಟ್ಟಿಯಾಗತ್ತೆ. ಪ್ರಾಣಿಗಳು ಹುಟ್ಟೋಕೆ ಎಷ್ಟೋ ಮುಂಚೆ ಸಮುದ್ರದಲ್ಲಿ ದಿಬ್ಬ ಕಟ್ತಿದ್ದಿದ್ದು ಇವೇ. ಇವು ಬಿಟ್ಟ ಆಕ್ಸಿಜನ್ ಮೊದಲು ನೀರಲ್ಲಿ ಕರಗಿದ್ದ ಕಬ್ಬಿಣದ ಜೊತೆ ಸೇರಿ ತಳಕ್ಕೆ ಕೂತ್ಕೊಳ್ತಿತ್ತು, ಸುಮಾರು 240 ಕೋಟಿ ವರ್ಷದ ಹಿಂದೆ ಗಾಳಿಗೂ ಸೇರ್ಕೊಳ್ಳೋಕೆ ಶುರುವಾಯ್ತು, ನಿಜವಾಗ್ಲೂ ದೊಡ್ಡ ಕೆಲಸ ಅದು! ಆಮೇಲೆ ಈ ಚಾಪೆಗಳನ್ನ ಮೇಯೋ ಪ್ರಾಣಿಗಳು ಬಂದು ಇವು ಕಮ್ಮಿಯಾದ್ವು. ಆಸ್ಟ್ರೇಲಿಯಾದ ಶಾರ್ಕ್ ಬೇ ಕೊಲ್ಲಿಯ ಹ್ಯಾಮೆಲಿನ್ ಪೂಲ್ ಅನ್ನೋ ಭಾಗದಲ್ಲಿ ನೀರು ಮಾಮೂಲಿ ಸಮುದ್ರಕ್ಕಿಂತ ಸುಮಾರು ಎರಡು ಪಟ್ಟು ಉಪ್ಪು, ಬಸವನಹುಳಗಳ ಕಾಟ ಕಮ್ಮಿ, ಹಾಗಾಗಿ ಅಲ್ಲಿ ಈಗಲೂ ಬೆಳೀತಿವೆ. ನಮ್ಮ ಚಿತ್ರದುರ್ಗ ಭಾಗದ ಸುಣ್ಣಕಲ್ಲಲ್ಲೂ 250 ಕೋಟಿ ವರ್ಷಕ್ಕಿಂತ ಹಳೇ ಸ್ಟ್ರೊಮ್ಯಾಟೊಲೈಟ್ ಸಿಕ್ಕಿವೆ.